ಹಳೆಯ ಮೈಕ್‌ಸೆಟ್: ಅದರ ವಯಸ್ಸು, ಅದರ ಭೂಸಂಪರ್ಕ

ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಜಾತ್ರೆ, ಬಯಲಾಟಗಳಿಗೆ ಬಾಡಿಗೆಗೆ ಹೋಗುತ್ತಿದ್ದ ವಾಲ್ವ್ ಆಂಪ್ಲಿಫೈಯರೊಂದು ನಿಮ್ಮ ಶಾಲೆಯ ಉಗ್ರಾಣದಲ್ಲಿ ಸಿಕ್ಕಿತೆನ್ನಿ. ಅದರ ವಯಸ್ಸೆಷ್ಟು? ಪ್ಲಗ್ಗಿಗೆ ಹಾಕುವ ಮೊದಲೇ ಇದು ತಿಳಿದಿರಬೇಕು.

ಮೊದಲು ಮಾರಾಟಗಾರನ ಫಲಕವನ್ನು ಓದಿ. ಈ ಮೂರೂ ಊರುಗಳು 1956ರ ಅಕ್ಟೋಬರ್ ಕೊನೆಯವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆಮೇಲೆ ಮೈಸೂರು ರಾಜ್ಯ ಸೇರಿದವು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ವಿಳಾಸದಲ್ಲಿ ಪಿನ್‌ಕೋಡ್ ಇದ್ದರೆ ಫಲಕ 1972ರ ಆಗಸ್ಟ್ 15ಕ್ಕಿಂತ ಈಚಿನದು. ವಾಲ್ವಿನ ಮೇಲಿನ ಮುದ್ರೆ ಅಷ್ಟು ನಂಬಿಕೆಗೆ ಅರ್ಹವಲ್ಲ. ಕೆಟ್ಟ ವಾಲ್ವನ್ನು ಕಿತ್ತು ಹೊಸದನ್ನು ಸಿಕ್ಕಿಸುವುದು ವಾಡಿಕೆ. ಬೆಂಗಳೂರಿನ ಬಿ.ಇ.ಎಲ್. ವಾಲ್ವುಗಳನ್ನು ತಯಾರಿಸತೊಡಗಿದ್ದು 1960ರ ದಶಕದ ಆರಂಭದಲ್ಲಿ. ಆದರೆ ಅವು 1950ರ ಪೆಟ್ಟಿಗೆಯಲ್ಲೂ ಕೂತಿರಬಹುದು. ಬೆಸುಗೆ ಹಾಕಿದ ಬಿಡಿಭಾಗಗಳೇ ಮೇಲು. 1952ರಲ್ಲಿ ಬಂದ ಫೆಂಡರ್ ಬೇಸ್‌ಮನ್‌ನಂಥ ಅಮೆರಿಕದ ಬೇಸ್ ಗಿಟಾರ್ ಆಂಪ್ಲಿಫೈಯರುಗಳಲ್ಲಿ ವಾಲ್ಯೂಮ್ ಕಂಟ್ರೋಲಿನ ಬೆನ್ನಿಗೆ 1376832 ಎಂಬಂಥ ಸಂಖ್ಯೆ ಇರುತ್ತದೆ. ಇದರಲ್ಲಿ 137 ಎಂದರೆ ತಯಾರಕ ಸಿ.ಟಿ.ಎಸ್. ಕಂಪನಿ, 68 ಎಂದರೆ 1968, ಉಳಿದದ್ದು 32ನೆಯ ವಾರ. ಆ ಭಾಗವನ್ನು ಬದಲಿಸಿಲ್ಲವಾದರೆ ಪೆಟ್ಟಿಗೆ ಅದಕ್ಕಿಂತ ಹಳೆಯದಾಗಿರಲಾರದು.

ಇಂಥ ಪೆಟ್ಟಿಗೆಗಳಲ್ಲಿ 'ಗ್ರೌಂಡ್' ಎಂಬ ಸ್ವಿಚ್ಚನ್ನೂ ಕಾಣುತ್ತೀರಿ. ಅದು ಎರಡು ಪಿನ್ನಿನ ಪ್ಲಗ್ಗಿನ ಕಾಲದ್ದು. ಲೋಹದ ಚಾಸಿಗೂ ಮುಖ್ಯ ತಂತಿಗಳಲ್ಲೊಂದಕ್ಕೂ ನಡುವೆ ಒಂದು ಕೆಪಾಸಿಟರ್ ಇರುತ್ತದೆ. ಯಾವ ತಂತಿ ಎಂಬುದನ್ನು ಸ್ವಿಚ್ಚು ಆಯುತ್ತದೆ. ಗುಂಯ್‌ಗುಡುವ ಸದ್ದು ಯಾವ ಕಡೆ ಕಡಿಮೆಯೋ ಆ ಕಡೆಗೆ ತಿರುಗಿಸುತ್ತಿದ್ದರು, ಅಷ್ಟೆ. 0.047 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ಅಮೆರಿಕದ 120 ವೋಲ್ಟ್, 60 ಹರ್ಟ್ಸ್‌ಗೆ ಸುಮಾರು 2.1 ಮಿಲಿಆಂಪಿಯರ್ ಹರಿಯುತ್ತದೆ. ಅದನ್ನೇ ನಮ್ಮ 230 ವೋಲ್ಟ್, 50 ಹರ್ಟ್ಸ್‌ಗೆ ಜೋಡಿಸಿದರೆ 3.4. ನೀವೇ ಲೆಕ್ಕ ಹಾಕಿ ನೋಡಿ: 2πfCV. ಮೈಕು ಹಿಡಿದವರ ಕೈ ಜುಮ್ಮೆನ್ನಲು ಇಷ್ಟು ಸಾಕು. ಹಳೆಯ ಕೆಪಾಸಿಟರ್ ಒಳಗೇ ಶಾರ್ಟ್ ಆದರಂತೂ ಇಡೀ ಚಾಸಿಯೇ ಫೇಸ್ ತಂತಿಯಾದಂತೆ. ಅಲ್ಲಿನ ರಿಪೇರಿಯವರು ಅದಕ್ಕೆ 'ಡೆತ್ ಕ್ಯಾಪ್' ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಮೂರು ಪಿನ್ನಿನ ಪ್ಲಗ್ ಹಾಕಿದರೆ ಸಾಲದೇ ಎಂದು ನೀವು ಕೇಳಬಹುದು. ಮೂರನೆಯ ಪಿನ್ನಿನಾಚೆ ಏನಿದೆ ಎಂಬುದನ್ನೂ ನೋಡಬೇಕು. ಈ ಸೀಮೆಯ ಕಲ್ಲುನೆಲದಲ್ಲಿ, ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿದಾಗ ಭೂಸಂಪರ್ಕದ ರೋಧ ಏರುತ್ತದೆ. ಅದು 50 ಓಮ್ ಆಯಿತೆನ್ನಿ: 230ನ್ನು 50ರಿಂದ ಭಾಗಿಸಿದರೆ 4.6 ಆಂಪಿಯರ್. 5 ಆಂಪಿಯರಿನ ಫ್ಯೂಸ್ ಕರಗುವುದೇ ಇಲ್ಲ. ಚಾಸಿ 230 ವೋಲ್ಟಿನಲ್ಲೇ ಉಳಿಯುತ್ತದೆ. ಇದ್ದಿಲು, ಉಪ್ಪು ತುಂಬಿದ ಗುಂಡಿಗೆ ನೀರು ಹೊಯ್ಯುವುದು ಇದಕ್ಕಾಗಿಯೇ.

ಆ ಕೆಪಾಸಿಟರನ್ನು ತೆಗೆಸಿಬಿಡಿ. ಒಳ್ಳೆಯ ಭೂಸಂಪರ್ಕವಿದ್ದಲ್ಲಿ ಅದರ ಅಗತ್ಯವಿಲ್ಲ. ಕೆಲಸವನ್ನು ತಿಳಿದವರೇ ಮಾಡಲಿ. ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕೆಪಾಸಿಟರುಗಳಲ್ಲಿ ನೂರಾರು ವೋಲ್ಟ್ ಉಳಿದಿರುತ್ತದೆ.