ಸ್ಯಾಂಕ್ಷನ್: ಕೊಟ್ಟರೂ ಅದೇ, ಹೇರಿದರೂ ಅದೇ

ತಾಲ್ಲೂಕು ಕೇಂದ್ರದ ಯಾವ ಬ್ಯಾಂಕಿಗೆ ಹೋದರೂ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. "ಸರ್, ನಮ್ ಹುಡುಗೀದು ಎಜುಕೇಶನ್ ಲೋನು ಸ್ಯಾಂಕ್ಷನ್ ಆಯ್ತಾ?" "ಇನ್ನೂ ಇಲ್ಲಮ್ಮ, ಫೈಲು ಮೇಲಿನ ಆಫೀಸಿಗೆ ಹೋಗಿದೆ. ಸೋಮವಾರ ಒಂದ್ಸಲ ಬನ್ನಿ." ಕೇಳಿದ ತಾಯಿಗೆ ಇಂಗ್ಲಿಷ್ ಬಾರದಿರಬಹುದು. ಆದರೆ ಸ್ಯಾಂಕ್ಷನ್ ಎಂದರೇನು, ಅದು ಯಾರ ಸಹಿಯಿಂದ ಆಗುತ್ತದೆ, ಆದ ಮೇಲೂ ದುಡ್ಡು ಕೈಗೆ ಬರಲು ಇನ್ನೊಂದು ಮೆಟ್ಟಿಲಿದೆ ಎಂಬುದೆಲ್ಲ ಆಕೆಗೆ ಚೆನ್ನಾಗಿ ಗೊತ್ತು. ಮನೆ ಕಟ್ಟಿಸುವವರಿಗೆ ಪ್ಲಾನ್ ಸ್ಯಾಂಕ್ಷನ್, ನೌಕರರಿಗೆ ರಜೆ ಸ್ಯಾಂಕ್ಷನ್, ಇಲಾಖೆಗೆ ಹುದ್ದೆಗಳ ಸ್ಯಾಂಕ್ಷನ್. ಸರ್ಕಾರಿ ಪತ್ರದಲ್ಲಿ ಇದೇ ಮಂಜೂರು.

ಸಾಲಕ್ಕಾಗಿ ಕಾಯುತ್ತಿರುವ ಮಗಳು ಮನೆಯಲ್ಲಿ ಹೊರದೇಶದ ಪರೀಕ್ಷೆಗೆ ಓದುತ್ತಿದ್ದಾಳೆ ಎಂದುಕೊಳ್ಳಿ. ಮೇಜಿನ ಮೇಲೆ ಉದ್ದನೆಯ ಪದಪಟ್ಟಿ. ಒಂದೂ ಊರಿನಲ್ಲಿ ಕೇಳಿದ್ದಲ್ಲ, ತರಗತಿಯಲ್ಲಿ ಓದಿದ್ದಲ್ಲ. ಎಡಗಡೆ ಪದ, ಬಲಗಡೆ ಅರ್ಥ. ಬಲಗಡೆ ಕೈ ಮುಚ್ಚಿಕೊಂಡು ಬಾಯಿಪಾಠ. ಪಕ್ಕದಲ್ಲೇ ಬಿದ್ದಿರುವ ಇಂಗ್ಲಿಷ್ ಪತ್ರಿಕೆಯಲ್ಲಿ, ರಷ್ಯಾದ ಮೇಲೆ ಅಮೆರಿಕ ಹೊಸ ಸ್ಯಾಂಕ್ಷನ್ಸ್ ಹೇರಿತು ಎಂಬ ತಲೆಬರಹ. ಬ್ಯಾಂಕಿನಲ್ಲಿ ವರವಾಗಿದ್ದ ಪದ ಇಲ್ಲಿ ಶಿಕ್ಷೆಯಾಗಿದೆ. ಈ ಪದ ಅವಳ ಪಟ್ಟಿಯಲ್ಲಿ ಇಲ್ಲದೇ ಇರಬಹುದು. ಇದ್ದರೂ "ಗೊತ್ತು" ಎಂದು ಟಿಕ್ ಹಾಕಿ ಮುಂದೆ ಹೋಗಿರುತ್ತಾಳೆ. ಇಂಗ್ಲಿಷಿನ ಪದಸಂಪತ್ತು ಬೆಳೆಸಿಕೊಳ್ಳಬೇಕು ಎನ್ನುವ ನಮ್ಮ ಮಕ್ಕಳು ಎಡವುವುದು ಹೆಚ್ಚಾಗಿ ಇಂಥಲ್ಲೇ, ಗೊತ್ತೆಂದು ಬಿಟ್ಟ ಪದಗಳಲ್ಲಿ. ಅಪರೂಪದ ಪದ ಎದುರಾದರೆ ನಿಂತು ನಿಘಂಟು ತೆಗೆಯುತ್ತೇವೆ. ಪರಿಚಿತ ಪದ ಹಾಗೆ ನಿಲ್ಲಿಸುವುದಿಲ್ಲ.

ಬೆಂಗಳೂರಿನಲ್ಲಿ ಒಂದೇ ವಿಮಾನ ಈ ಪದದ ಎರಡೂ ಮುಖಗಳನ್ನು ಕಂಡಿದೆ. ಹಗುರ ಯುದ್ಧವಿಮಾನ ಯೋಜನೆಗೆ ಕೇಂದ್ರ ಸರ್ಕಾರದ ಸ್ಯಾಂಕ್ಷನ್ ಸಿಕ್ಕಿದ್ದು 1983ರಲ್ಲಿ. ಮುಂದೆ ತೇಜಸ್ ಎಂದು ಹೆಸರು ಪಡೆದ ವಿಮಾನ ಅದು. ರೆಕ್ಕೆ, ಚುಕ್ಕಾಣಿಗಳನ್ನು ಕಂಪ್ಯೂಟರ್ ಮೂಲಕ ನಿಯಂತ್ರಿಸುವ ವ್ಯವಸ್ಥೆಯನ್ನು ಸಿದ್ಧಪಡಿಸಲು ನಮ್ಮ ಎಂಜಿನಿಯರುಗಳು ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯವರ ಜೊತೆ ಅಲ್ಲೇ ಇದ್ದು ಕೆಲಸ ಮಾಡುತ್ತಿದ್ದರು. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಪರಮಾಣು ಪರೀಕ್ಷೆ ನಡೆಯಿತು. ಅಮೆರಿಕ ಸ್ಯಾಂಕ್ಷನ್ಸ್ ಹೇರಿತು. ನಮ್ಮವರು ಕೆಲಸವನ್ನು ಅರ್ಧಕ್ಕೆ ಬಿಟ್ಟು ವಾಪಸಾಗಬೇಕಾಯಿತು. ಉಳಿದ ಕೆಲಸವನ್ನು ಇಲ್ಲಿಯವರೇ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಏರಿಸಿದರು. ಆ ಯೋಜನೆಯ ಕಡತಗಳನ್ನು ಓದುವವರು ಏಕವಚನದ ಸ್ಯಾಂಕ್ಷನ್ ಎಲ್ಲಿ, ಬಹುವಚನದ ಸ್ಯಾಂಕ್ಷನ್ಸ್ ಎಲ್ಲಿ ಎಂದು ನೋಡಿಕೊಂಡೇ ಮುಂದೆ ಹೋಗಬೇಕು. ಒಂದರಿಂದ ಯೋಜನೆ ಹುಟ್ಟಿತು, ಇನ್ನೊಂದರಿಂದ ತಡವಾಯಿತು.

ಇದು ಯಾರೋ ಅಜಾಗರೂಕತೆಯಿಂದ ಎರಡು ಅರ್ಥ ಅಂಟಿಸಿದ್ದರಿಂದ ಆದದ್ದಲ್ಲ. ಲ್ಯಾಟಿನ್ನಿನಲ್ಲಿ ಸಾಂಕಿರೆ ಎಂಬ ಧಾತು ಇದೆ: ಒಂದನ್ನು ಪವಿತ್ರವೆಂದು ಸಾರಿ, ಮುರಿಯಲಾಗದ ಕಟ್ಟಳೆ ಮಾಡುವುದು. ಅದರ ನೆಂಟ ಸಾಕೆರ್ ಎಂಬ ಪದಕ್ಕೆ ದೇವರಿಗೆ ಮೀಸಲಾದದ್ದು ಎಂಬ ಅರ್ಥವೂ ಇತ್ತು, ಶಾಪಗ್ರಸ್ತ ಎಂಬ ಅರ್ಥವೂ ಇತ್ತು. ರೋಮನ್ನರ ಕಾನೂನಿನಲ್ಲಿ ಸಾಂಕ್ಷಿಯೋ ಎಂದರೆ, ಈ ಶಾಸನವನ್ನು ಮೀರಿದವರಿಗೆ ಇಂಥ ದಂಡ ಎಂದು ಹೇಳುವ ಭಾಗ. ಕಟ್ಟಳೆಗೆ ಬಲ ಬರುವುದೇ ಆ ಭಾಗದಿಂದ. 16ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂದಾಗ ಶಾಸನ, ಆಜ್ಞೆ ಎಂಬ ಅರ್ಥವನ್ನೇ ಹೊತ್ತು ಬಂತು. ಆಸ್ಟ್ರಿಯಾದ ದೊರೆ ಆರನೇ ಚಾರ್ಲ್ಸ್ ತನ್ನ ಸಿಂಹಾಸನಕ್ಕೆ ಹೆಣ್ಣುಮಕ್ಕಳೂ ವಾರಸುದಾರರಾಗಬಹುದೆಂದು 1713ರಲ್ಲಿ ಹೊರಡಿಸಿದ ಆಜ್ಞೆಗೆ ಪ್ರಾಗ್ಮ್ಯಾಟಿಕ್ ಸ್ಯಾಂಕ್ಷನ್ ಎಂದೇ ಹೆಸರು. ಮಗಳು ಮರಿಯಾ ತೆರೇಸಾ ಪಟ್ಟಕ್ಕೆ ಬಂದದ್ದು ಅದರ ಬಲದಿಂದ.

ಒಪ್ಪಿಗೆಯೂ ದಂಡವೂ ಒಂದೇ ಪದದಲ್ಲಿರುವುದನ್ನು ಅರಗಿಸಿಕೊಳ್ಳಲು ಕನ್ನಡ ಓದುಗರು ರೋಮ್‌ವರೆಗೂ ಹೋಗಬೇಕಾಗಿಲ್ಲ. ನಮ್ಮೂರ ದೇವಸ್ಥಾನದ ಮುಂದೆ ನಿಂತಿರುವ ದಾನಶಾಸನದ ಹತ್ತಿರ ಹೋದರೆ ಸಾಕು. ಮೇಲುಗಡೆ ಇಂಥ ಅರಸ ಇಂಥ ದೇವರಿಗೆ ಇಷ್ಟು ಭೂಮಿ ಬಿಟ್ಟ ಎಂಬ ವಿವರ, ಎಲ್ಲೆಗಳು, ಸಾಕ್ಷಿಗಳು. ಕೆಳಗೆ ಬರುತ್ತ ದನಿ ಬದಲಾಗುತ್ತದೆ. ಈ ಧರ್ಮವನ್ನು ಕಾಪಾಡಿದವರಿಗೆ ಪುಣ್ಯ, ಅಳಿದವರಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದಷ್ಟು ಪಾಪ. ಶಾಸನತಜ್ಞರು ಇದನ್ನು ಶಾಪಾಶಯ ಎನ್ನುತ್ತಾರೆ. ಒಂದೇ ಕಲ್ಲಿನಲ್ಲಿ ಮಂಜೂರಾತಿಯೂ ಇದೆ, ದಂಡವೂ ಇದೆ. ಎರಡೂ ಸೇರಿದರೇ ಅದು ಶಾಸನ. ಆ ಶಾಸನ ಎಂಬ ಪದದ ಧಾತುವಿನಿಂದಲೇ ಶಾಸ್ತ್ರವೂ ಬಂತು, ಶಾಸ್ತಿಯೂ ಬಂತು. "ಅವನಿಗೆ ತಕ್ಕ ಶಾಸ್ತಿ ಆಯ್ತು" ಎನ್ನುವಾಗ ನಾವು ಹೇಳುತ್ತಿರುವುದು ಸ್ಯಾಂಕ್ಷನ್ನಿನ ಎರಡನೇ ಅರ್ಥವನ್ನೇ. ಇಂಗ್ಲಿಷ್ ಪಾಠ ಹೇಳುವ ಮೇಷ್ಟರುಗಳು ಈ ಕಲ್ಲನ್ನು ಮಕ್ಕಳಿಗೆ ಒಮ್ಮೆ ತೋರಿಸಿದರೆ ಪದ ಜನ್ಮದಲ್ಲಿ ಮರೆಯದು. ಕನ್ನಡವನ್ನು ಹೊರಗೆ ನಿಲ್ಲಿಸಿ ಇಂಗ್ಲಿಷ್ ಕಲಿಸಬೇಕೆಂಬ ಹಟ ನಮ್ಮ ಶಾಲೆಗಳಲ್ಲಿ ಇದೆಯಲ್ಲ, ಅದರಿಂದ ಇಂಗ್ಲಿಷಿಗೇ ಹೆಚ್ಚು ನಷ್ಟ.

ಮಂಜೂರು ಬೇರೆ ಕಡೆಯಿಂದ ಬಂದ ಪದ. ಅರಬ್ಬಿಯಲ್ಲಿ ನಜರ್ ಎಂದರೆ ನೋಟ. ಮಂಜೂರ್ ಎಂದರೆ ನೋಡಲ್ಪಟ್ಟದ್ದು. ದೊಡ್ಡವರ ಕಣ್ಣಿಗೆ ಬಿದ್ದು ಒಪ್ಪಿಗೆಯಾಯಿತು ಎಂಬಲ್ಲಿಗೆ ಅರ್ಥ ನಿಂತಿದೆ. ಅದರೊಳಗೆ ದಂಡ ಇಲ್ಲ. ಹಾಗಾಗಿ ಸ್ಯಾಂಕ್ಷನ್ನಿಗೆ ಮಂಜೂರು ಎಂದಷ್ಟೇ ಬರೆದುಕೊಂಡವರಿಗೆ ಪದದ ಅರ್ಧ ಮಾತ್ರ ದಕ್ಕುತ್ತದೆ. ಇನ್ನರ್ಧಕ್ಕೆ ನಮ್ಮ ಪತ್ರಿಕೆಗಳು ನಿರ್ಬಂಧ ಎನ್ನುತ್ತವೆ, ಕೆಲವೊಮ್ಮೆ ದಿಗ್ಬಂಧನ ಎನ್ನುತ್ತವೆ. ಪೂಜೆ, ಹೋಮಗಳಲ್ಲಿ ಮಂತ್ರ ಹೇಳಿ ದಿಕ್ಕುಗಳನ್ನು ಕಟ್ಟುವುದು ದಿಗ್ಬಂಧನ. ದೇಶದೇಶಗಳ ವ್ಯಾಪಾರದ ಸುದ್ದಿ ಬರೆಯುವ ಹೊತ್ತಿನಲ್ಲಿ ಅದ್ಯಾವ ಉಪಸಂಪಾದಕರಿಗೆ ಈ ಪದ ಹೊಳೆಯಿತೋ, ಅವರು ತಮಗೆ ಗೊತ್ತಿದ್ದೋ ಇಲ್ಲದೆಯೋ ಲ್ಯಾಟಿನ್ ಧಾತುವಿನ ಹತ್ತಿರಕ್ಕೇ ಹೋಗಿ ನಿಂತಿದ್ದರು.

ದಂಡದ ಅರ್ಥ ದೇಶಗಳಿಗೆ ಅಂಟಿದ್ದು ತಡವಾಗಿ. 1789ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಇಂಗ್ಲಿಷ್ ತತ್ತ್ವಜ್ಞಾನಿ ಜೆರೆಮಿ ಬೆಂಥಾಮ್ ಮನುಷ್ಯನನ್ನು ನಿಯಮಕ್ಕೆ ಕಟ್ಟಿಹಾಕುವ ಬಲಗಳನ್ನೆಲ್ಲ ಸ್ಯಾಂಕ್ಷನ್ ಎಂದ. ಪ್ರಕೃತಿ, ರಾಜ್ಯ, ಸಮಾಜ, ಧರ್ಮ ಎಂದು ನಾಲ್ಕು ಬಗೆ ಮಾಡಿದ. ಅವನ ಲೆಕ್ಕದಲ್ಲಿ ಸುಖವೂ ಸ್ಯಾಂಕ್ಷನ್ನೇ, ನೋವೂ ಸ್ಯಾಂಕ್ಷನ್ನೇ. ಮುಂದೆ ಮೊದಲ ಮಹಾಯುದ್ಧದ ನಂತರ ಹುಟ್ಟಿದ ರಾಷ್ಟ್ರಸಂಘವು ಇಥಿಯೋಪಿಯಾದ ಮೇಲೆ ದಂಡೆತ್ತಿ ಹೋದ ಇಟಲಿಯನ್ನು 1935ರಲ್ಲಿ ವ್ಯಾಪಾರದಿಂದ ಕಟ್ಟಿಹಾಕಲು ನೋಡಿತು. ಎಣ್ಣೆಯನ್ನು ಮಾತ್ರ ಪಟ್ಟಿಯಿಂದ ಬಿಟ್ಟರು. ಮರುವರ್ಷ ಮೇ ತಿಂಗಳಲ್ಲಿ ಅಡಿಸ್ ಅಬಾಬಾ ಬಿತ್ತು. ಪದ ಮಾತ್ರ ಪತ್ರಿಕೆಗಳಲ್ಲಿ ಬೇರುಬಿಟ್ಟಿತು. 1945ರ ವಿಶ್ವಸಂಸ್ಥೆಯ ಸನ್ನದಿನ 41ನೇ ವಿಧಿ ಇಂಥ ಕ್ರಮಗಳಿಗೆ ಅಧಿಕಾರ ಕೊಡುತ್ತದೆಯಾದರೂ ಅಲ್ಲಿ ಸ್ಯಾಂಕ್ಷನ್ಸ್ ಎಂಬ ಪದವೇ ಇಲ್ಲ. ಕ್ರಮಗಳು ಎಂದಷ್ಟೇ ಇದೆ.

ಹಾಗಾದರೆ ಓದುವಾಗ ಯಾವ ಅರ್ಥವೆಂದು ಹೇಗೆ ತಿಳಿಯಬೇಕು? ಅಕ್ಕಪಕ್ಕದ ಪದಗಳನ್ನು ನೋಡಬೇಕು. ಬಹುವಚನದಲ್ಲಿ ಬಂದು, ಹಿಂದೆ ಇಂಪೋಸ್ ಅಥವಾ ಲಿಫ್ಟ್, ಮುಂದೆ ಆನ್ ಅಥವಾ ಅಗೇನ್ಸ್ಟ್ ಇದ್ದರೆ ಅದು ದಂಡ. ಏಕವಚನದಲ್ಲಿ ವಿತ್ ದ ಸ್ಯಾಂಕ್ಷನ್ ಆಫ್, ವಿತೌಟ್ ಅಫಿಷಿಯಲ್ ಸ್ಯಾಂಕ್ಷನ್ ಎಂದು ಬಂದರೆ ಒಪ್ಪಿಗೆ. ಕ್ರಿಯಾಪದವಾದಾಗ ಕರ್ಮ ಯಾವುದು ಎಂದು ನೋಡಿ. ಸಾಲ, ರಜೆ, ವೆಚ್ಚ, ಪದ್ಧತಿ ಇವನ್ನು ಸ್ಯಾಂಕ್ಷನ್ ಮಾಡಿದರೆ ಒಪ್ಪಿದಂತೆ. ದೇಶವನ್ನೋ ಕಂಪನಿಯನ್ನೋ ವ್ಯಕ್ತಿಯನ್ನೋ ಸ್ಯಾಂಕ್ಷನ್ ಮಾಡಿದರೆ ಬಹುಮಟ್ಟಿಗೆ ದಂಡಿಸಿದಂತೆ. ಬೆಂಗಳೂರಿನ ಕಚೇರಿಯಿಂದ ಹೊರದೇಶದ ಸಹೋದ್ಯೋಗಿಗೆ "ಕಂಪನಿ ನಮ್ಮ ತಂಡಕ್ಕೆ ಒಪ್ಪಿಗೆ ಕೊಟ್ಟಿದೆ" ಎಂಬರ್ಥದಲ್ಲಿ ತಂಡವನ್ನೇ ಸ್ಯಾಂಕ್ಷನ್ ಮಾಡಿದೆ ಎಂದು ಬರೆದರೆ, ಓದಿದವರು ಏನು ತಪ್ಪು ಮಾಡಿದಿರಿ ಎಂದು ಕೇಳಿಯಾರು. ಅಲ್ಲಿ ಸಾಲಕ್ಕೂ ರಜೆಗೂ ಅಪ್ರೂವ್ ಎನ್ನುವುದೇ ರೂಢಿ. ನಮ್ಮ ಬಳಕೆ ತಪ್ಪಲ್ಲ, ಭಾರತದ ಇಂಗ್ಲಿಷಿನ ಕಚೇರಿಗಳಲ್ಲಿ ಗಟ್ಟಿಯಾಗಿ ನೆಲೆಯೂರಿದ ಬಳಕೆ ಅದು. ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಗೊತ್ತಿರಬೇಕು.

ನಮ್ಮ ರಾಜಕೀಯ ವರದಿಗಳಲ್ಲಿ ಈ ಎರಡು ಅರ್ಥಗಳು ಒಂದರ ಮಗ್ಗುಲಿಗೆ ಒಂದು ಬಂದು ಕೂರುತ್ತವೆ. ಮುಖ್ಯಮಂತ್ರಿಯ ವಿರುದ್ಧ ಮೊಕದ್ದಮೆ ಹೂಡಲು ರಾಜ್ಯಪಾಲರ ಸ್ಯಾಂಕ್ಷನ್ ಎಂಬ ಮಾತು 2011ರಲ್ಲೂ 2024ರಲ್ಲೂ ಕರ್ನಾಟಕದಲ್ಲಿ ಮನೆಮನೆಯ ಮಾತಾಗಿತ್ತು. 1988ರ ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಇರುವುದೂ ಇದೇ ಪೂರ್ವಾನುಮತಿ. ಇಲ್ಲಿ ಪದದ ಅರ್ಥ ಅನುಮತಿಯೇ. ಆದರೆ ಅನುಮತಿ ದೊರೆತದ್ದು ಮೊಕದ್ದಮೆಗೆ. ಅವಸರದಲ್ಲಿ ಓದಿದವರಿಗೆ ರಾಜ್ಯಪಾಲರೇ ಶಿಕ್ಷೆ ಕೊಟ್ಟಂತೆ ಕಾಣುತ್ತದೆ.

ಪದದ ಅರ್ಥ ಅದರ ಸಂಗಾತಿಗಳಿಂದ ತಿಳಿಯುತ್ತದೆ ಎಂಬುದನ್ನು ಭಾಷಾವಿಜ್ಞಾನದಲ್ಲಿ ಗಟ್ಟಿಯಾಗಿ ಹೇಳಿದವರು ಜೆ. ಆರ್. ಫರ್ತ್. 1919ರಿಂದ 1928ರವರೆಗೆ ಅವರು ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಕಲಿಯುವವರಿಗಾಗಿ ಇದೇ ತಿಳಿವಳಿಕೆಯನ್ನು ನಿಘಂಟಿಗೆ ಇಳಿಸಿದವರು ಎ. ಎಸ್. ಹಾರ್ನ್‌ಬಿ. ಜಪಾನಿನಲ್ಲಿ ಪಾಠ ಹೇಳುತ್ತ, ಇಬ್ಬರು ಸಹೋದ್ಯೋಗಿಗಳೊಂದಿಗೆ ಅವರು ಸಿದ್ಧಪಡಿಸಿದ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಇಂದು ನಮ್ಮ ಕಾಲೇಜು ಹುಡುಗರ ಚೀಲದಲ್ಲಿರುವ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದು. ಕ್ರಿಯಾಪದದ ಜೊತೆ ಯಾವ ಪ್ರಿಪೊಸಿಷನ್ ಬರುತ್ತದೆ, ನಾಮಪದವನ್ನು ಎಣಿಸಬಹುದೇ ಇಲ್ಲವೇ, ಮಾದರಿ ವಾಕ್ಯ ಹೇಗಿರುತ್ತದೆ, ಎಲ್ಲ ಅದರಲ್ಲಿದೆ. ನಮ್ಮವರು ಅರ್ಥದ ಸಾಲು ಓದಿ ಪುಟ ಮಗುಚುತ್ತಾರೆ. ಆ ಸಣ್ಣ ಅಕ್ಷರದ ಮಾದರಿ ವಾಕ್ಯಗಳಲ್ಲೇ ನಿಘಂಟಿನ ಅರ್ಧ ಬೆಲೆ ಇರುವುದು. ಅರ್ಥದ ಜೊತೆ ಒಂದು ಇಡೀ ವಾಕ್ಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವ ಅಭ್ಯಾಸ ಒಂದೇ ವರ್ಷದಲ್ಲಿ ಓದಿನ ಬಲವನ್ನೇ ಬದಲಿಸಬಲ್ಲದು.

ಪದಗಳ ಸಂಖ್ಯೆಯೂ ಬೇಕು ಎನ್ನುವುದನ್ನು ನಾನು ಒಪ್ಪುತ್ತೇನೆ. ಯಾರ ನೆರವೂ ಇಲ್ಲದೆ ಇಂಗ್ಲಿಷ್ ಕಾದಂಬರಿ, ಪತ್ರಿಕೆಗಳನ್ನು ಓದಲು ಎಂಟರಿಂದ ಒಂಬತ್ತು ಸಾವಿರ ಪದಕುಟುಂಬಗಳು ಬೇಕಾಗುತ್ತವೆ ಎಂದು ನ್ಯೂಜಿಲೆಂಡಿನ ಭಾಷಾವಿಜ್ಞಾನಿ ಪಾಲ್ ನೇಶನ್ 2006ರಲ್ಲಿ ಲೆಕ್ಕಹಾಕಿದರು. ಕುಟುಂಬ ಎಂಬ ಮಾತನ್ನು ಗಮನಿಸಿ. ಅವರ ಲೆಕ್ಕದಲ್ಲಿ ಒಂದು ಪದ, ಅದರಿಂದ ನೇರವಾಗಿ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ. ಕಲಿಯುವವರು ಇನ್ನೂ ಸ್ವಲ್ಪ ಕೈಚಾಚಿ ದೂರದ ಬಂಧುಗಳನ್ನೂ ಕರೆದುಕೊಳ್ಳಬಹುದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಲ್ಲಿ ಇವತ್ತಿಗೂ ಕಾಣುವ, 1949ರಲ್ಲಿ ಮೊದಲು ಬಂದ ನಾರ್ಮನ್ ಲೂಯಿಸರ 'ವರ್ಡ್ ಪವರ್ ಮೇಡ್ ಈಸಿ' ಧಾತು ಹಿಡಿದು ಪದ ಕಲಿಸುತ್ತದೆ. ತಲೆಮಾರುಗಳಿಗೆ ಅದು ನೆರವಾದದ್ದು ಅದಕ್ಕೇ.

ಸ್ಯಾಂಕ್ಷನ್ನಿನ ಬಳಗವನ್ನೇ ನೋಡಿ. ಸೇಂಟ್ ಇದರ ಬಳಗ. ಗರ್ಭಗುಡಿಗೆ ಹೇಳುವ ಸ್ಯಾಂಕ್ಟಮ್, ಯಾರೂ ಮುಟ್ಟಬಾರದ್ದಕ್ಕೆ ಹೇಳುವ ಸ್ಯಾಕ್ರೋಸ್ಯಾಂಕ್ಟ್ ಇದರ ಬಳಗ. ಸ್ಯಾಂಕ್ಟಿಮೋನಿಯಸ್ ಒಂದು ಕಾಲಕ್ಕೆ ನಿಜವಾದ ಸಾಧುವಿಗೆ ಸಲ್ಲುತ್ತಿದ್ದ ಪದ. ಈಗ ಸಾಧುವಿನ ಸೋಗು ಹಾಕಿದವರಿಗೆ ಮಾತ್ರ. ಸ್ಯಾಂಕ್ಚುಯರಿ ಮೊದಲು ದೇವಸ್ಥಾನ. ಅಲ್ಲಿಗೆ ಓಡಿಬಂದ ಅಪರಾಧಿಯನ್ನು ರಾಜಭಟರು ಹಿಡಿಯುವಂತಿರಲಿಲ್ಲ ಎಂಬುದರಿಂದ ಆಶ್ರಯ. ಆಮೇಲೆ ಹಕ್ಕಿ, ಪ್ರಾಣಿಗಳಿಗೂ ಆಶ್ರಯ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಮಹಾರಾಜರು ರಂಗನತಿಟ್ಟನ್ನು ಹಾಗೆ ಘೋಷಿಸಿದರು. ಕನ್ನಡದಲ್ಲಿ ಅದು ಪಕ್ಷಿಧಾಮವಾಯಿತು. ಬ್ಯಾಂಕಿನ ಕೌಂಟರಿನಲ್ಲಿ ಕೇಳಿದ ಒಂದು ಪದದಿಂದ ಹೊರಟವರಿಗೆ ಇಷ್ಟು ಸಿಗುತ್ತದೆ, ಪಟ್ಟಿಯ ಬಾಯಿಪಾಠವಿಲ್ಲದೆ.

ಇದೇ ರೀತಿ ನಿಂತು ನೋಡಬೇಕಾದ ಪರಿಚಿತ ಪದಗಳು ಪತ್ರಿಕೆಯ ಪ್ರತಿ ಪುಟದಲ್ಲೂ ಇವೆ. ಓವರ್‌ಸೈಟ್ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ವಿಧಾನಸಭೆಯಲ್ಲಿ ವರದಿಯನ್ನು ಟೇಬಲ್ ಮಾಡಿದರು ಎಂದರೆ ಸದನದ ಮುಂದೆ ಇಟ್ಟರು ಎಂದರ್ಥ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಟೇಬಲ್ ಮಾಡಿದರೆ ಚರ್ಚೆಯಿಂದ ಬದಿಗೆ ಸರಿಸಿದರು ಎಂದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷ್ ಅಧಿಕಾರಿಗಳು ತುರ್ತಾಗಿ ಚರ್ಚಿಸಬೇಕೆಂದು ತಂದ ಕಾಗದವೊಂದನ್ನು ಟೇಬಲ್ ಮಾಡುತ್ತೇವೆಂದರು. ಅಮೆರಿಕದವರು ಕೂಡದು, ಇದು ಮುಖ್ಯ ವಿಷಯ ಎಂದರು. ಮಾತು ಬಹಳ ಹೊತ್ತು ಬೆಳೆದು ಬಿಸಿಯಾಯಿತು. ಇಬ್ಬರಿಗೂ ಬೇಕಾದದ್ದು ಒಂದೇ ಎಂದು ಗೊತ್ತಾದದ್ದು ಆಮೇಲೆ. ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಇದನ್ನು ಬರೆದಿಟ್ಟಿದ್ದಾರೆ.