ಕಪ್ಪುಪಟ್ಟಿಯ ನ್ಯಾಯ

ಬೇಡದ ಕಾಗದವನ್ನು ಒಡೆಯದೆಯೇ ಹರಿದೆಸೆಯುವ ಹಕ್ಕು ಅದನ್ನು ಪಡೆದವನಿಗೆ ಇದ್ದೇ ಇದೆ. ಆದರೆ ‘ಇಂಥ ವಿಳಾಸದಿಂದ ಬರುವ ಕಾಗದ ತೆಗೆದುಕೊಳ್ಳಬೇಡಿ’ ಎಂದು ಮೂರನೆಯವನೊಬ್ಬ ಪಟ್ಟಿ ಬರೆದಿಟ್ಟು, ಊರೂರಿನ ಅಂಚೆಯವರು ಆ ಪಟ್ಟಿ ನೋಡಿಯೇ ಕಾಗದಗಳನ್ನು ಹಿಂದಿರುಗಿಸತೊಡಗಿದರೆ ಅದನ್ನು ಹಕ್ಕು ಎನ್ನಬೇಕೋ, ಶಿಕ್ಷೆ ಎನ್ನಬೇಕೋ? ಇ-ಮೇಲಿನ ಚರಿತ್ರೆಯಲ್ಲಿ ಈ ಪ್ರಶ್ನೆ ಎದ್ದು ಕಾಲು ಶತಮಾನ ದಾಟಿದೆ. ನನಗಂತೂ ಇದು ಯಂತ್ರದ ಪ್ರಶ್ನೆಗಿಂತ ಹೆಚ್ಚಾಗಿ ನ್ಯಾಯದ ಪ್ರಶ್ನೆಯಾಗಿ ಕಾಣುತ್ತದೆ.

1978ರ ಮೇ 3ರಂದು ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥುರ್ಕ್ ತನ್ನ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಒಟ್ಟಿಗೇ ಕಳಿಸಿದ. ಜನ ರೇಗಿದರು, ಜಾಲದ ಮೇಲ್ವಿಚಾರಕರು ಗದರಿದರು, ಅಲ್ಲಿಗೆ ಮುಗಿಯಿತು. ಆಗಿನ ಜಾಲ ಒಂದು ಸಣ್ಣ ಊರಿನಂತಿತ್ತು, ನಾಚಿಕೆಯೇ ಅಲ್ಲಿಯ ಕಾನೂನು. 1994ರ ಏಪ್ರಿಲ್ ಹೊತ್ತಿಗೆ ಊರು ಬೆಳೆದಿತ್ತು. ಅರಿಝೋನಾದ ವಕೀಲ ದಂಪತಿಗಳಾದ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಯೂಸ್‌ನೆಟ್ಟಿನ ಸಾವಿರಾರು ಗುಂಪುಗಳಲ್ಲಿ ಹಾಕಿದರು. ಬೈಗುಳದ ಮಳೆ ಸುರಿದರೂ ಅವರು ಅಳುಕಲಿಲ್ಲ. ಹೀಗೆ ಹಣ ಮಾಡುವ ಬಗೆಯನ್ನು ಕುರಿತು ಪುಸ್ತಕವನ್ನೇ ಬರೆದರು. ನಾಚಿಕೆಯ ಕಾನೂನು ಅಂದಿಗೆ ಸೋತಿತು.

ಇದರಲ್ಲಿ ಕಳಿಸುವವನಿಗೆ ಖರ್ಚಿಲ್ಲ, ಖರ್ಚೆಲ್ಲ ಪಡೆಯುವವನದು. ನಮ್ಮ ದೇಶದಲ್ಲಿ 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಟ್ಟಾಗ ಗಂಟೆಗಳ ಲೆಕ್ಕ, ಅದರ ಮೇಲೆ ಟೆಲಿಫೋನ್ ಬಿಲ್ಲು. ಆ ದಿನಗಳಲ್ಲಿ ಸಂಪರ್ಕ ಪಡೆದವರಿಗೆ ಕಸವನ್ನೂ ಕಾಸು ಕೊಟ್ಟು ಇಳಿಸಿಕೊಳ್ಳುವ ಸಂಕಟ ಏನೆಂದು ಗೊತ್ತು.

1997ರಲ್ಲಿ ಕ್ಯಾಲಿಫೋರ್ನಿಯಾದ ಪಾಲ್ ವಿಕ್ಸಿ, ಡೇವ್ ರ‍್ಯಾಂಡ್ ಮೊದಲಾದವರು ಕಪ್ಪುಪಟ್ಟಿಯೊಂದನ್ನು ಆರಂಭಿಸಿದರು. ಸಂಸ್ಥೆಗೆ ಮ್ಯಾಪ್ಸ್ ಎಂದು ಹೆಸರು. ‘ಸ್ಪ್ಯಾಮ್’ ಎಂಬುದರ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಆಗುವ ಹೆಸರು. ಪಟ್ಟಿಯಲ್ಲಿರುವುದು ಮನುಷ್ಯರ ಹೆಸರಲ್ಲ, ಯಂತ್ರಗಳ ಅಂಕಿ-ವಿಳಾಸ. ಪತ್ರ ಬಂದೊಡನೆ ಪಡೆಯುವ ಯಂತ್ರವು ಕಳಿಸಿದ ಯಂತ್ರದ ಅಂಕಿಗಳನ್ನು ಹಿಂದುಮುಂದು ಮಾಡಿ ಪಟ್ಟಿಯನ್ನು ಕೇಳುತ್ತದೆ. 127.0.0.2 ಎಂಬಂಥ ಉತ್ತರ ಬಂದರೆ ಬಾಗಿಲು ಮುಚ್ಚಿತು. ‘ನಾವು ಯಾರನ್ನೂ ತಡೆಯುವುದಿಲ್ಲ, ನಮ್ಮ ಅಭಿಪ್ರಾಯ ಪ್ರಕಟಿಸುತ್ತೇವೆ ಅಷ್ಟೆ, ಬೇಕಾದವರು ಪಾಲಿಸಲಿ’ ಎಂಬುದು ಪಟ್ಟಿ ಮಾಡುವವರ ವಾದ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಯಾರದೇ ಪತ್ರವನ್ನಾದರೂ ಮುಂದಕ್ಕೆ ಸಾಗಿಸುತ್ತಿದ್ದ ಯಂತ್ರಗಳಿಗೆ ಬೀಗ ಬಿದ್ದದ್ದರಲ್ಲಿ ಈ ಪಟ್ಟಿಗಳ ಭಯವೂ ಕೆಲಸ ಮಾಡಿದೆ.

ತೊಡಕು ಬಂದದ್ದು ನೆರೆಹೊರೆಯವರ ವಿಷಯದಲ್ಲಿ. ಮೀಡಿಯಾ3 ಎಂಬ ಅಮೆರಿಕದ ಕಂಪನಿ ಸಗಟು ಪತ್ರ ಕಳಿಸುವ ಸಾಧನ ಮಾರುವವರಿಗೆ ಜಾಗ ಕೊಟ್ಟಿತ್ತು. ಮ್ಯಾಪ್ಸ್ ಅದರ ವಿಳಾಸಗಳನ್ನು ಪಟ್ಟಿಗೆ ಸೇರಿಸಿದಾಗ ಅಲ್ಲೇ ಇದ್ದ, ಸೆನ್ಸಾರ್‌ಶಿಪ್ಪಿನ ವಿರುದ್ಧ ದುಡಿಯುತ್ತಿದ್ದ ಪೀಸ್‌ಫೈರ್ ಎಂಬ ಸಂಸ್ಥೆಯೂ ಸಿಕ್ಕಿಬಿದ್ದಿತು. ಕಂಪನಿ ನ್ಯಾಯಾಲಯಕ್ಕೆ ಹೋಯಿತು. 2001ರ ಜನವರಿಯಲ್ಲಿ ಮಧ್ಯಂತರ ತಡೆಯಾಜ್ಞೆ ಸಿಗಲಿಲ್ಲ. ಅದೇ ವರ್ಷ ಹುಟ್ಟಿದ ಸ್ಪ್ಯೂಸ್ ಎಂಬ ಪಟ್ಟಿ ಇನ್ನೂ ಮುಂದೆ ಹೋಯಿತು. ನಡೆಸುವವರು ಯಾರೆಂದೇ ಯಾರಿಗೂ ಗೊತ್ತಿರಲಿಲ್ಲ. ತಪ್ಪಿತಸ್ಥನನ್ನು ಕಂಪನಿ ಹೊರಹಾಕದಿದ್ದರೆ ಪಕ್ಕದ ವಿಳಾಸಗಳನ್ನೂ ಸೇರಿಸುತ್ತ ಹೋಗುವುದು ಅದರ ಕ್ರಮ. ನಿರಪರಾಧಿಗಳು ನೊಂದು ಕಂಪನಿಯ ಮೇಲೆ ಒತ್ತಡ ತರಲಿ ಎಂಬುದೇ ಉದ್ದೇಶ.

ನಾನು ಆ ಕಾಲದಲ್ಲಿ ಸಣ್ಣ ಪ್ರಕಾಶನವೊಂದಕ್ಕೆ ಕರಡು ತಿದ್ದುತ್ತಿದ್ದೆ. ವಿದೇಶದಲ್ಲಿದ್ದ ಲೇಖಕರೊಬ್ಬರಿಗೆ ಕಳಿಸಿದ ಪುಟಗಳು ಎರಡು ವಾರ ತಿರುಗಿ ತಿರುಗಿ ಬಂದವು. ನಮ್ಮ ಸಂಪರ್ಕದ ಕಂಪನಿಯ ಇನ್ಯಾರೋ ಗಿರಾಕಿ ಮಾಡಿದ ಉಪದ್ರವಕ್ಕೆ ನಮಗೂ ಬಹಿಷ್ಕಾರ. ಕೊನೆಗೆ ಪುಟಗಳನ್ನು ವಿಮಾನದಂಚೆಯಲ್ಲಿ ಕಳಿಸಿದೆವು. ಕೇರಿಯಲ್ಲಿ ಒಬ್ಬ ಕದ್ದರೆ ಕೇರಿಗೆಲ್ಲ ದಂಡ ಹಾಕುವ ಪದ್ಧತಿಯನ್ನು ನಾವು ಅನ್ಯಾಯವೆಂದು ಬಿಟ್ಟು ಬಹಳ ಕಾಲವಾಯಿತೆಂದು ತಿಳಿದಿದ್ದೆ.

ಪಟ್ಟಿಯನ್ನು ಕಣ್ಣು ಮುಚ್ಚಿ ನಂಬಿದವರಿಗೂ ಒಮ್ಮೆ ಪಾಠವಾಯಿತು. 2003ರ ಆಗಸ್ಟಿನಲ್ಲಿ ಒಸಿರುಸಾಫ್ಟ್ ಎಂಬ ಪಟ್ಟಿಯ ಮೇಲೆ ದಾಳಿ ನಡೆದು, ಸಾಕಾಗಿಹೋದ ಅದರ ಒಡೆಯ ಮುಚ್ಚುವಾಗ ಜಗತ್ತಿನ ಎಲ್ಲ ವಿಳಾಸಗಳನ್ನೂ ಕಪ್ಪು ಎಂದುಬಿಟ್ಟ. ನಂಬಿದ್ದ ಯಂತ್ರಗಳು ಬಂದ ಪತ್ರಗಳನ್ನೆಲ್ಲ ತಿರಸ್ಕರಿಸಿದವು.

ಪಟ್ಟಿ ಮಾಡುವವರ ಕಷ್ಟವನ್ನೂ ಹೇಳಬೇಕು. 1998ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸ್ಪ್ಯಾಮ್‌ಹೌಸ್ ಮೇಲೆ ಅಮೆರಿಕದ ಕಂಪನಿಯೊಂದು ಹೂಡಿದ ದಾವೆಯಲ್ಲಿ, ಪ್ರತಿವಾದಿ ವಾದ ಮುಂದುವರಿಸದ ಕಾರಣ, 2006ರಲ್ಲಿ 1,17,15,000 ಡಾಲರ್ ಪರಿಹಾರದ ತೀರ್ಪಾಯಿತು. ಮೇಲ್ಮನವಿಗಳಲ್ಲಿ ಇಳಿಯುತ್ತ ಬಂದು 2011ರಲ್ಲಿ ಅದು ಕೇವಲ 3 ಡಾಲರಿಗೆ ನಿಂತಿತು. 2013ರ ಮಾರ್ಚಿನಲ್ಲಿ ಅದೇ ಸಂಸ್ಥೆಯ ಮೇಲೆ ಆಗಿನ ಮಟ್ಟಿಗೆ ಭಾರಿಯೆನಿಸಿದ ಜಾಲದಾಳಿ ನಡೆಯಿತು. ಕಾವಲು ಕಾಯುವವನಿಗೂ ಕಲ್ಲೇಟು ತಪ್ಪಲಿಲ್ಲ.

ಆದ್ದರಿಂದ ಪಟ್ಟಿಯೇ ಬೇಡ ಎಂದು ನಾನು ಹೇಳಲಾರೆ. ಅದಿಲ್ಲದಿದ್ದರೆ ಇ-ಮೇಲ್ ಎಂದೋ ಕಸದ ತೊಟ್ಟಿಯಾಗುತ್ತಿತ್ತು. ಆದರೆ ಬಹಿಷ್ಕಾರ ಹಾಕುವ ಪಂಚಾಯತಿಗೆ ಮೂರು ಋಣಗಳುಂಟು: ಕಾರಣ ಹೇಳಬೇಕು, ತಪ್ಪು ತಿದ್ದಿಕೊಂಡವನಿಗೆ ಮರಳುವ ದಾರಿ ತೋರಬೇಕು, ನೆರೆಯವನನ್ನು ಒತ್ತೆಯಾಳು ಮಾಡಿಕೊಳ್ಳಬಾರದು. ಇಂದು ದೊಡ್ಡ ಕಂಪನಿಗಳ ಯಂತ್ರಗಳು ಎಷ್ಟೋ ಪತ್ರಗಳನ್ನು ಸದ್ದಿಲ್ಲದೆ ಕಸಕ್ಕೆ ಸೇರಿಸುತ್ತವೆ. ಕಳಿಸಿದವನಿಗೆ ಸುದ್ದಿಯೂ ಇಲ್ಲ, ಕಾರಣವೂ ಇಲ್ಲ. ಹಳೆಯ ಪಟ್ಟಿಗಳಿಂದ ಪತ್ರ ತಿರುಗಿಯಾದರೂ ಬರುತ್ತಿತ್ತು. ಬೇಡವೆಂದದ್ದು ನಮಗೆ ತಿಳಿಯುತ್ತಿತ್ತು. ಜಗಳವಾಡಲಾದರೂ ಅಷ್ಟು ತಿಳಿಯಬೇಕಲ್ಲ.