ಯುಗಾದಿ ಕಳೆದ ಮೂರನೆಯ ದಿನ

1997ರ ಯುಗಾದಿ ಏಪ್ರಿಲ್ 8ಕ್ಕೆ ಬಂದಿತ್ತು. ಹೋಳಿಗೆ ಸಾರು ದಿನವೂ ಕುದ್ದು ರುಚಿಯೇರಿ, ಶುಕ್ರವಾರದ ಹೊತ್ತಿಗೆ ಪಾತ್ರೆಯ ತಳ ಕಂಡಿತ್ತು. ಆ ಶುಕ್ರವಾರ, ಅಂದರೆ ಏಪ್ರಿಲ್ 11ರಂದು, ಚನ್ನಗಿರಿಯ ನಮ್ಮ ಮನೆಯಲ್ಲಿ ಯಾರಿಗೂ ಊಟದ ಮೇಲೆ ಗಮನವಿರಲಿಲ್ಲ. ದೆಹಲಿಯ ಲೋಕಸಭೆಯಲ್ಲಿ ದೇವೇಗೌಡರು ವಿಶ್ವಾಸ ಮತ ಕೇಳುತ್ತಿದ್ದರು. ಹತ್ತು ತಿಂಗಳ ಹಿಂದೆ, 1996ರ ಜೂನ್ 1ರಂದು, ಕನ್ನಡದವರೊಬ್ಬರು ಪ್ರಧಾನಿಯಾದರೆಂದು ಅತ್ತೆಯವರು ದೇವರ ಮುಂದೆ ತುಪ್ಪದ ದೀಪ ಹಚ್ಚಿದ್ದರು. ಈಗ ಅದೇ ಅತ್ತೆ ಕನ್ನಡಕ ಒರೆಸಿಕೊಳ್ಳುತ್ತ ಟಿ.ವಿ. ಮುಂದೆ ಕೂತಿದ್ದರು.

ನಮ್ಮೂರಿಗೆ ಈ ಸಂಗತಿಯಲ್ಲಿ ಸ್ವಂತದ್ದೊಂದು ಲೆಕ್ಕವೂ ಇತ್ತು. ಗೌಡರು ದೆಹಲಿಗೆ ಹೋದದ್ದರಿಂದಲೇ ನಮ್ಮ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದರು. ಗೌಡರು ಮರಳಿ ಬೆಂಗಳೂರಿಗೆ ಬಂದರೆ ಪಟೇಲರ ಕುರ್ಚಿ ಏನಾಗುತ್ತದೆ ಎಂಬುದು ಅಡಿಕೆ ಮಂಡಿಯಿಂದ ಹಿಡಿದು ನಮ್ಮ ಜಗಲಿಯವರೆಗೂ ಚರ್ಚೆಯ ವಿಷಯ. ಲೋಕಸಭೆಯೇನೂ ಪಟೇಲರಿಗೆ ಹೊಸದಲ್ಲ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋಗಿ, ಆ ಸಭೆಯಲ್ಲಿ ಮೊದಲು ಕನ್ನಡದಲ್ಲಿ ಮಾತನಾಡಿದವರು ಅವರೇ. ಹಿಂದಿ, ಇಂಗ್ಲಿಷ್ ಎರಡರಲ್ಲೂ ಸರಿಯಾಗಿ ಹೇಳಲಾರದ ಸದಸ್ಯರು ಸ್ಪೀಕರ್ ಅನುಮತಿ ಪಡೆದು ಮಾತೃಭಾಷೆಯಲ್ಲಿ ಮಾತನಾಡಬಹುದೆಂದು ಸಂವಿಧಾನದ 120ನೇ ವಿಧಿ ಹೇಳುತ್ತದೆ. ಪಟೇಲರಿಗೆ ಇಂಗ್ಲಿಷ್ ಬಾರದೆ ಕನ್ನಡ ಆಡಿದರೆಂದು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ, ಬಿಡಿ.

ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಸೀತಾರಾಮ್ ಕೇಸರಿಯವರು ಸಂಯುಕ್ತ ರಂಗಕ್ಕೆ ಕೊಟ್ಟಿದ್ದ ಬೆಂಬಲ ಹಿಂದಕ್ಕೆ ತೆಗೆದುಕೊಂಡಿದ್ದರು. ಹೊರಗಿನಿಂದ ಊರುಗೋಲು ಕೊಟ್ಟವರೇ ಅದನ್ನು ಎಳೆದುಕೊಂಡರೆ ನಿಂತವರ ಗತಿ ಏನು? ಸ್ಪೀಕರ್ ಪೀಠದಲ್ಲಿ ಸಂಗ್ಮಾ ಅವರು ಕೂತಿದ್ದರು. ಮಾತಿನ ಮೇಲೆ ಮಾತು ನಡೆಯಿತು. ಒಬ್ಬರ ಮುಖ ಒಬ್ಬರು ನೋಡದ ಬಿಜೆಪಿ, ಕಾಂಗ್ರೆಸ್ಸಿನವರು ಆ ದಿನ ಒಂದೇ ಕಡೆಗಿದ್ದರು. ನನಗೆ ಮನಸ್ಸಿಗೆ ನಾಟಿದ್ದು ಬೇರೆಯದೇ ಒಂದು ವಿಷಯ. ಗೌಡರು ಆಗ ರಾಜ್ಯಸಭೆಯ ಸದಸ್ಯರು. ಪ್ರಧಾನಿಯಾಗಿ ಲೋಕಸಭೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ತಮ್ಮ ಸರ್ಕಾರದ ಅಳಿವು ಉಳಿವಿನ ಮತ ನಡೆಯುವಾಗ ಅವರು ಸುಮ್ಮನೆ ಕೂತು ನೋಡಬೇಕು. ನಮ್ಮವರು ಇದನ್ನು ವಿವರಿಸಿ ಹೇಳಿದಾಗ ಅತ್ತೆ, “ಮದುವೆ ಮಾತುಕತೇಲಿ ಹುಡುಗಿ ಕೂತಂಗೆ ಆತಲ್ಲ” ಎಂದರು.

ಎಣಿಕೆ ಮುಗಿದಾಗ ಪರ 158, ವಿರುದ್ಧ 292. ಅತ್ತೆ ಎದ್ದು ಒಳಗೆ ಹೋದರು. ನಮ್ಮವರು ಟಿ.ವಿ. ಆರಿಸಿ, ಕನ್ನಡಿಗನಿಗೆ ಹೀಗೆ ಮಾಡಬಾರದಿತ್ತು ಎಂದರು. ಅದೇ ಮಾತನ್ನು ಮರುದಿನ ಊರೆಲ್ಲ ಆಡಿತು.

ಬೇರೆ ಮಾತು ಆಡಿದವಳು ನಮಗೆ ಹಾಲು ತಂದುಕೊಡುತ್ತಿದ್ದ ಹೆಂಗಸು ಒಬ್ಬಳೇ. ಪಕ್ಕದ ಹಳ್ಳಿಯವಳು. 1993ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಮೂರರಲ್ಲೊಂದು ಸ್ಥಾನ ಹೆಂಗಸರಿಗೆ ಎಂದಾದಾಗ ನಿಂತು ಗೆದ್ದಿದ್ದಳು. ಮೊದಲ ಸಭೆಗೆ ಗಂಡ ಜೊತೆಯಲ್ಲಿ ಬಂದು ಕುರ್ಚಿಯಲ್ಲಿ ಕೂತಿದ್ದನಂತೆ. ಮೂರನೆಯ ಸಭೆಗೆ ಅವನನ್ನು ಮನೆಯಲ್ಲಿ ಎಮ್ಮೆ ಕಾಯಲು ಬಿಟ್ಟು ಬಂದಳಂತೆ. ಶನಿವಾರ ಬೆಳಿಗ್ಗೆ ಹಾಲು ಅಳೆಯುತ್ತ ಕೇಳಿದಳು: “ಅಲ್ಲಕ್ಕಾ, ನಮ್ದು ಮೂರ್ನೇ ಒಂದ್ ಪಾಲಿಂದು ಏನಾತು?”

ನನಗೆ ಉತ್ತರ ತೋಚಲಿಲ್ಲ. ನಾನು ಆ ವಿಷಯ ಮರೆತೇಬಿಟ್ಟಿದ್ದೆ. 1996ರ ಸೆಪ್ಟೆಂಬರ್ 12ರಂದು, ಗೌರಿ ಹಬ್ಬದ ಮುಂಚೆ, ಇದೇ ಗೌಡರ ಸರ್ಕಾರ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ ಮೀಸಲಿಡುವ 81ನೇ ತಿದ್ದುಪಡಿ ಮಸೂದೆ ತಂದಿತ್ತು. ಬಂಗಾಳದ ಗೀತಾ ಮುಖರ್ಜಿಯವರ ನೇತೃತ್ವದ ಸಮಿತಿ ಡಿಸೆಂಬರಿನಲ್ಲೇ ವರದಿ ಕೊಟ್ಟಿತ್ತು. ಆಮೇಲೆ ಮಸೂದೆ ಕದಲಲಿಲ್ಲ. ಅಷ್ಟರಲ್ಲಿ ಈ ಶುಕ್ರವಾರ ಬಂತು.

ಸರ್ಕಾರ ಉಳಿದಿದ್ದರೆ ಮಸೂದೆ ಪಾಸಾಗುತ್ತಿತ್ತು ಎಂದು ನಾನು ಹೇಳಲಾರೆ. ಸಂವಿಧಾನ ತಿದ್ದಲು ಮೂರರಲ್ಲಿ ಎರಡು ಪಾಲು ಮತ ಬೇಕು. ಸ್ವಂತಕ್ಕೆ 158 ಇಟ್ಟುಕೊಂಡವರು ಅದಕ್ಕಾಗಿ ಎಲ್ಲರ ಮನೆ ಬಾಗಿಲು ತಟ್ಟಬೇಕಿತ್ತು. ರಂಗದ ಒಳಗೇ ಹಿಂದುಳಿದ ವರ್ಗದ ಹೆಂಗಸರ ಪಾಲು ಎಲ್ಲಿ ಎಂದು ಕೇಳುವವರಿದ್ದರು. ಆ ಪ್ರಶ್ನೆ ಪೂರ್ತಿ ಕುಂಟುನೆಪವೂ ಅಲ್ಲ. ಆದರೆ ಪ್ರಧಾನಿ ಬೀಳುವ ದಿನ ದೇಶವೆಲ್ಲ ಕೂತು ಎಣಿಸಿತು, ನಮ್ಮ ಮಸೂದೆಗೆ ಎಣಿಕೆಯ ದಿನವೇ ಬರಲಿಲ್ಲ. 1997ರ ಕೊನೆಗೆ ಲೋಕಸಭೆ ವಿಸರ್ಜನೆಯಾದಾಗ ಮಸೂದೆಯೂ ಸತ್ತಿತು. 1998ರಲ್ಲಿ ಮತ್ತೆ ತಂದಾಗ ಸಭೆಯಲ್ಲೇ ಅದರ ಪ್ರತಿ ಕಸಿದು ಹರಿದರು. 2010ರ ಮಾರ್ಚ್ 9ರಂದು ರಾಜ್ಯಸಭೆ 186 ಮತಗಳಿಂದ ಒಪ್ಪಿತು, ವಿರುದ್ಧ ಒಂದೇ ಮತ. ಲೋಕಸಭೆ ಅದನ್ನು ಕೈಗೇ ಎತ್ತಿಕೊಳ್ಳಲಿಲ್ಲ.

ಇತ್ತ ನಮ್ಮೂರಿನ ಲೆಕ್ಕ ಸುಸೂತ್ರವಾಗಿ ನಡೆಯಿತು. ಪಟೇಲರ ಕುರ್ಚಿ 1999ರವರೆಗೂ ಉಳಿಯಿತು. 1997ರ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಗಿ, ಶಿವಮೊಗ್ಗದಲ್ಲಿದ್ದ ಚನ್ನಗಿರಿ, ಹೊನ್ನಾಳಿ ಆ ಕಡೆಗೆ ಸೇರಿದವು. ಗೌಡರ ಸೋಲಿನ ದುಃಖ ಹೊಸ ಜಿಲ್ಲೆಯ ಸಂಭ್ರಮದಲ್ಲಿ ಕರಗಿತು.

ಎಣಿಕೆಯ ದಿನ ಕೊನೆಗೂ ಬಂದದ್ದು 2023ರ ಸೆಪ್ಟೆಂಬರ್ 20ರಂದು. ಈ ಬಾರಿಯೂ ಗೌರಿ ಗಣೇಶ ಹಬ್ಬದ ಆಸುಪಾಸೇ. ಹೊಸ ಸಂಸತ್ ಭವನದಲ್ಲಿ ಗಂಟೆಗಟ್ಟಲೆ ಚರ್ಚೆ ನಡೆದು, ಸದಸ್ಯರು ಹಸಿರು, ಕೆಂಪು ಚೀಟಿಗಳಲ್ಲಿ ಮತ ಕೊಟ್ಟರು. ಗುಂಡಿ ಒತ್ತುವ ಕಾಲದಲ್ಲಿ ಚೀಟಿ ಎಣಿಸುವುದನ್ನು ಕಂಡು ನನಗೆ ನಮ್ಮ ಮಹಿಳಾ ಸಮಾಜದ ಚೀಟಿ ಎತ್ತುವ ದಿನ ನೆನಪಾಗಿ ನಗು ಬಂತು. ಪರ 454, ವಿರುದ್ಧ 2. ಮರುದಿನ ರಾಜ್ಯಸಭೆಯಲ್ಲಿ ಪರ 214, ವಿರುದ್ಧ ಯಾರೂ ಇಲ್ಲ. ಇಪ್ಪತ್ತೇಳು ವರ್ಷ ಎಲ್ಲರಿಗೂ ಬೇಕಾಗಿದ್ದೇ ಆಗಿದ್ದರೆ ಇಷ್ಟು ತಡವಾದದ್ದು ಏಕೆ ಎಂದು ಕೇಳಲು ಅತ್ತೆಯವರು ಇರಲಿಲ್ಲ.

ಹಾಲಿನವಳು ಇದ್ದಾಳೆ. ಈಗ ಹಾಲು ಮಾರುವುದು ಅವಳ ಸೊಸೆ. ಫೋನು ಮಾಡಿ ಹೇಳಿದೆ. “ಯಾವತ್ತಿಂದ ಅಂತೆ?” ಎಂದಳು. ಜನಗಣತಿ ಆಗಿ, ಅದರ ಮೇಲೆ ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸಿದ ಮೇಲೆ ಎಂದು ಮಸೂದೆಯಲ್ಲಿ ಬರೆದಿತ್ತು. ಓದಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಮಳೆ ಹೋಯಿತು, ಜೋಳ ಒಣಗುತ್ತಿದೆ ಎಂದು ಬೇರೆ ಮಾತು ತೆಗೆದಳು.

2024ರ ಲೋಕಸಭೆ ಚುನಾವಣೆಯಲ್ಲಿ ನಮ್ಮ ದಾವಣಗೆರೆ ಕ್ಷೇತ್ರದ ಎರಡು ದೊಡ್ಡ ಪಕ್ಷಗಳೂ ಹೆಂಗಸರನ್ನೇ ನಿಲ್ಲಿಸಿದವು. ಇನ್ನೂ ಯಾವ ಮೀಸಲಾತಿಯೂ ಜಾರಿಯಾಗದೆ. ಕಾಂಗ್ರೆಸ್ಸಿನಿಂದ ಪ್ರಭಾ ಮಲ್ಲಿಕಾರ್ಜುನ್, ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ. ಪ್ರಭಾ ಗೆದ್ದರು. ಚುನಾವಣೆಗೆ ಮುಂಚೆ ಅವಳು ನನಗೆ ಹೇಳಿದ್ದು ಇಷ್ಟು: “ಇಬ್ರೂ ದೊಡ್ಮನೆ ಸೊಸೇರೇ ಅಲ್ಲೇನಕ್ಕಾ. ಪಂಚಾಯ್ತಿಯಿಂದ ಬಂದೋರು ಯಾವಾಗ ಬರ್ತಾರೆ?”

ಮೇ 7ರ ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆಯೇ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಮತಗಟ್ಟೆಯ ಸಾಲಿನಲ್ಲಿ ನಿಂತಿದ್ದಳಂತೆ.